ಮಲ್ಲನ ಧೈರ್ಯ ಮತ್ತು ಒಂದು ಚೂರು ಬೆಲ್ಲ

ನಾಯಿಗೆ ಧೈರ್ಯ ಕಲಿಸಲು ಹೊರಡುವವಳು ಜಿರಳೆಗೆ ಹೆದರಬಾರದು ಎಂಬ ನಿಯಮ ಎಲ್ಲಿಯೂ ಇಲ್ಲ. ಇದ್ದಿದ್ದರೆ ಈ ಪ್ರಬಂಧ ಬರೆಯುವ ಯೋಗ್ಯತೆಯೇ ನನಗೆ ಇರುತ್ತಿರಲಿಲ್ಲ. ನಾನು ಬೆಚ್ಚಿ ಬೀಳುವ ವಸ್ತುಗಳು ಬಹಳ. ಜಿರಳೆ, ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆ, ಬೆನ್ನ ಹಿಂದಿನಿಂದ ಬಂದು ಕ್ಷೇಮ ವಿಚಾರಿಸುವ ನೆಂಟರು, ಬಸ್ಸಿನ ಕಂಡಕ್ಟರು ಕಿವಿಯ ಪಕ್ಕದಲ್ಲೇ ಊದುವ ಸೀಟಿ. ಮದುವೆಯಾಗಿ ಮೈಸೂರಿನಿಂದ ತಾಳವಾಡಿ ಸೀಮೆಯ ಪಣಕಹಳ್ಳಿಗೆ ಬಂದ ಮೇಲೆ ಇವುಗಳ ಜೊತೆಗೆ ಇನ್ನೊಂದು ಸೇರಿತು: ತಗಡಿನ ಸದ್ದು.

ಸೋಲಾರ್ ಬೇಲಿ ಬರುವುದಕ್ಕೆ ಬಹಳ ಹಿಂದಿನ ಮಾತಿದು, ಎಪ್ಪತ್ತರ ದಶಕದ್ದು. ರಾಗಿ ತೆನೆ ಕಟ್ಟಿತೆಂದರೆ ಕಾಡಿನಲ್ಲಿದ್ದವರಿಗೆಲ್ಲ ನಮ್ಮೂರಿನ ನೆನಪಾಗುತ್ತಿತ್ತು. ಪ್ರತಿ ಹೊಲದ ಬದುವಿನಲ್ಲೂ ಒಂದು ಕಂಬ, ಕಂಬಕ್ಕೆ ಹಳೆಯ ಎಣ್ಣೆ ಡಬ್ಬ, ಪಕ್ಕದಲ್ಲೊಂದು ದೊಣ್ಣೆ. ಹಂದಿಯನ್ನೋ ಆನೆಯನ್ನೋ ಮೊದಲು ಕಂಡವರು ಡಬ್ಬ ಬಡಿಯಬೇಕು. ಕೇಳಿದ ಪಕ್ಕದ ಹೊಲದವರು ತಮ್ಮದನ್ನು ಬಡಿಯಬೇಕು, ಅವರದು ಕೇಳಿ ಆಚೆಯವರು. ಸದ್ದು ಹೊಲದಿಂದ ಹೊಲಕ್ಕೆ ದಾಟಿ, ಪಾತ್ರೆ ಅಂಗಡಿಯೊಂದು ಬೆಟ್ಟದಿಂದ ಉರುಳಿ ಬಂದ ಹಾಗೆ ಊರನ್ನು ತುಂಬುತ್ತಿತ್ತು. ಹಂದಿಗಳು ಕಾಡಿಗೆ ಓಡುತ್ತಿದ್ದವು. ನಾನು ಅಡುಗೆಮನೆಯ ಮೂಲೆಗೆ ಓಡುತ್ತಿದ್ದೆ. ನಮ್ಮ ನಾಯಿ ಮಲ್ಲ ಅತ್ತೆಯ ಮಂಚದಡಿಗೆ ಓಡುತ್ತಿದ್ದ. ಸದ್ದಿನ ಉದ್ದೇಶ ನೂರಕ್ಕೆ ನೂರು ಸಫಲವಾಗುತ್ತಿತ್ತು ಎನ್ನಬೇಕು.

ಮಲ್ಲ ಕಂದು ಬಣ್ಣದವನು. ಎಡಗಿವಿ ನೆಟ್ಟಗೆ, ಬಲಗಿವಿ ಮಡಿಚಿದ್ದು. ಮರಿಯಾಗಿದ್ದಾಗ ಅವನಿಗೆ ಟೈಗರ್ ಎಂದು ಹೆಸರಿಟ್ಟವಳು ನಾನೇ. ಅತ್ತೆ ಅರ್ಥ ಕೇಳಿದರು. ಕಾನ್ವೆಂಟಿನಲ್ಲಿ ಓದಿದ ಹೆಮ್ಮೆಗೆ ಹೇಳಿಯೂ ಬಿಟ್ಟೆ. ನಮ್ಮ ಕಡೆ ಹೊತ್ತು ಇಳಿದ ಮೇಲೆ ಹುಲಿಯ ಹೆಸರೆತ್ತುವುದಿಲ್ಲ. ಆನೆಯನ್ನಂತೂ 'ಸಾಮಿ' ಎಂದೇ ಅನ್ನುವುದು. ಅತ್ತೆ ಮೊರದಿಂದ ತಲೆಯೆತ್ತಿ, "ಸಂದ್ಯಾಗ ನೀನು ಬಾಗಲಲ್ಲಿ ನಿಂತ್ಕಂಡು ಕೂಗದು, ನಿಜವಾದ್ದೇ ಬಂದ್ಬುಟ್ರ ಅದಕ್ಕ ಯಾರವ್ವ ಇಟ್ಟು ಇಕ್ಕದು?" ಎಂದರು. ಅಲ್ಲಿಗೆ ಟೈಗರ್ ಮಲ್ಲನಾದ. ಈ ಹೆಸರಿಗೂ ಅವನಿಗೂ ಸಂಬಂಧವಿರಲಿಲ್ಲವೆನ್ನುವುದು ಬೇರೆ ಮಾತು.

ಮಾವನವರು ತೀರಿಕೊಂಡ ಮೇಲೆ ಸಂಜೆ ಹೊತ್ತಿನ ಹೊಲದ ಕಾವಲು ಅತ್ತೆಯದು, ರಾತ್ರಿಯದು ನಮ್ಮವರದು. ಒಂದು ಸಂಜೆ ಅತ್ತೆ ಮಲ್ಲನನ್ನೂ ಕರೆದುಕೊಂಡು ಹೋದರು. ಪಕ್ಕದ ಹೊಲದ ಮಾದಪ್ಪ ಡಬ್ಬ ಬಡಿದದ್ದೇ ತಡ, ಮಲ್ಲ ಮಂಚ ಹುಡುಕಿದ. ಹೊಲದಲ್ಲಿ ಮಂಚ ಎಲ್ಲಿಂದ ಬರಬೇಕು? ಅತ್ತೆಯ ಎರಡು ಕಾಲುಗಳ ನಡುವಿನ ಜಾಗವೇ ಅವನಿಗೆ ಮಂಚದಡಿಯಂತೆ ಕಂಡಿತು. ಅತ್ತೆ ಬದುವಿನಿಂದ ಕೆಳಗೆ ಬಿದ್ದರು. ಊದಿದ ಪಾದಕ್ಕೆ ಹುಣಸೆಹಣ್ಣು ಉಪ್ಪಿನ ಪಟ್ಟು ಹಾಕುತ್ತ ನಾನು ಕುಳಿತಿದ್ದಾಗ ತೀರ್ಪು ಹೊರಬಿತ್ತು.

"ರಾಗಿ ಕುಯ್ಯಗಂಟ ನೋಡ್ತೀನಿ. ಆಮ್ಯಾಕ ಜೀರಳ್ಳಿ ಕುರಿ ರೊಪ್ಪಕ್ಕ ಕಳಿಸ್ಬುಡದೆಯ."

ಜೀರಹಳ್ಳಿಯ ಆ ಕುರಿದೊಡ್ಡಿ ಕಾಡಿನ ಅಂಚಿನಲ್ಲಿತ್ತು. ಚಿರತೆ ಅಲ್ಲಿಗೆ ಬರುತ್ತಿದ್ದದ್ದು ಕುರಿಗಲ್ಲ, ನಾಯಿಗೆ. ಗಟ್ಟಿ ನಾಯಿಗಳೇ ಅಲ್ಲಿ ಎರಡು ಮಳೆಗಾಲ ಕಂಡರೆ ಹೆಚ್ಚು. ಮಂಚವಿಲ್ಲದ ಆ ಬಯಲಿನಲ್ಲಿ ಮಲ್ಲ ಏನು ಮಾಡಿಯಾನು? ಅತ್ತೆಯ ಪಾದಕ್ಕೆ ಬಟ್ಟೆ ಸುತ್ತುತ್ತಿದ್ದ ನನ್ನ ಕೈ ನಿಂತಿತು. ಮಂಚದಡಿಯಿಂದ ಒಂದು ನೆಟ್ಟಗಿನ ಕಿವಿ ನನ್ನನ್ನೇ ನೋಡುತ್ತಿತ್ತು. ಮಲ್ಲನಿಗೆ ಧೈರ್ಯ ಕಲಿಸುತ್ತೇನೆ ಎಂದು ನಾನು ಅಂದುಬಿಟ್ಟೆ. ಯಾರ ಬಾಯಿಂದ ಆ ಮಾತು ಬಂತೆಂದು ನಮ್ಮವರು ಸುತ್ತಲೂ ನೋಡಿದರು.

ಹಾಗೆ ನೋಡಿದರೆ ನಮ್ಮ ನಾಡಿಗೆ ನಾಯಿಯ ಧೈರ್ಯ ಹೊಸದಲ್ಲ. ಹಂದಿಯೊಡನೆ ಕಾದಾಡಿ ಸತ್ತ ನಾಯಿಗೆ ವೀರಗಲ್ಲು ನೆಟ್ಟ ಜನ ನಾವು. ಆದರೆ ಯೋಚಿಸಿ ನೋಡಿ, ಆ ಕಲ್ಲುಗಳೆಲ್ಲ ಸತ್ತ ನಾಯಿಗಳಿಗೆ. ಹೆದರಿ, ಮಂಚದಡಿ ಸೇರಿ, ಮೊಮ್ಮಕ್ಕಳನ್ನು ಕಂಡು, ಬೂದಿಗುಡ್ಡೆಯ ಮೇಲೆ ಬಿಸಿಲು ಕಾಯಿಸುತ್ತ ಮುದಿಯಾದ ನಾಯಿಗೆ ಯಾವ ಅರಸನೂ ಕಲ್ಲು ನೆಟ್ಟಿಲ್ಲ. ನನಗೆ ಬೇಕಾಗಿದ್ದದ್ದು ಅಂಥ ನಾಯಿ. ಓಡದಿದ್ದರೆ ಸಾಕು, ಹೋರಾಡುವುದು ಬೇಡ.

ವಿಧಾನಕ್ಕಾಗಿ ಶಾಲೆಯ ದಿನಗಳನ್ನು ತಡಕಿದೆ. ವಿಜ್ಞಾನದ ಪಾಠದಲ್ಲಿ ಗಂಟೆ ಬಾರಿಸಿ ಬಾರಿಸಿ ಊಟವಿಕ್ಕಿ, ಕೊನೆಗೆ ಬರೀ ಗಂಟೆಗೇ ನಾಯಿಯ ಬಾಯಲ್ಲಿ ನೀರೂರಿಸಿದ ಶಾಸ್ತ್ರಜ್ಞರೊಬ್ಬರು ಬರುತ್ತಿದ್ದರು. ಇನ್ನೊಂದು ಪಾಠ ಕಾನ್ವೆಂಟಿನ ಸಿಸ್ಟರ್ ಅವರಿಂದ. ತರಗತಿ ಗದ್ದಲವೆದ್ದಾಗ ಅವರು ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳುವ ಆಸೆಗೇ ನಾವು ಸುಮ್ಮನಾಗುತ್ತಿದ್ದೆವು. ಗಂಟೆಯ ಬದಲು ತಗಡು, ಬ್ರೆಡ್ಡಿನ ಬದಲು ರಾಗಿಹಿಟ್ಟಿನ ಉಂಡೆ, ಜೊತೆಗೆ ಸಿಸ್ಟರ್ ಅವರ ಇಳಿದನಿ. ನನ್ನ ಶಿಕ್ಷಣ ಕೊನೆಗೂ ಉಪಯೋಗಕ್ಕೆ ಬಂತೆಂದು ಒಳಗೊಳಗೇ ಬೀಗಿದೆ.

ಮೊದಲು ಹಿತ್ತಲಿನಲ್ಲಿ ಲೋಟಕ್ಕೆ ಚಮಚ ತಾಗಿಸಿದೆ, ಬಳೆ ಸದ್ದಿನಷ್ಟೇ ಮೆಲ್ಲಗೆ. ಮಲ್ಲ ಕಣ್ಣು ದೊಡ್ಡದು ಮಾಡಿದ. ಕೂಡಲೇ ಒಂದು ಉಂಡೆ. ಹೀಗೇ ಕೆಲವು ದಿನ. ಲೋಟ ತಟ್ಟೆಯಾಯಿತು, ತಟ್ಟೆ ತಪ್ಪಲೆಯ ಮುಚ್ಚಳವಾಯಿತು. ಧೈರ್ಯ ನಾಯಿಯ ಮೈಯಲ್ಲಿ ಎಲ್ಲಿಂದ ಹತ್ತುತ್ತದೆಂದು ನಾನು ಗಮನಿಸಿದ್ದೇನೆ. ಮೊದಲು ಹಣೆಯ ಚರ್ಮ ಸಡಿಲವಾಗುತ್ತದೆ, ಆಮೇಲೆ ತುಟಿಯ ಅಂಚು, ಕೊನೆಗೆ ಬಾಲ. ಬಾಲ ಬಹಳ ಅನುಮಾನದ ಪ್ರಾಣಿ. ಉಳಿದ ನಾಯಿಯೆಲ್ಲ ಒಪ್ಪಿದ ಮೇಲೆ ಅದು ಒಪ್ಪುತ್ತದೆ.

ತೊಂದರೆ ಬಂದದ್ದು ನನ್ನಿಂದ. ಮುಚ್ಚಳ ಬಡಿಯುತ್ತಿದ್ದವಳು ನಾನೇ ಆದರೂ, ಸದ್ದು ಬರುವುದು ನನಗೆ ಮೊದಲೇ ಗೊತ್ತಿದ್ದರೂ, ಪ್ರತಿ ಸಲ ಬೆಚ್ಚುತ್ತಿದ್ದೆ. ಬೆಚ್ಚಿದಾಗ ಮಲ್ಲನ ಕೊರಳಿಗೆ ಕಟ್ಟಿದ ಹಗ್ಗ ಬಿಗಿ ಹಿಡಿಯುತ್ತಿದ್ದೆ. ಹಗ್ಗ ಬಿಗಿಯಾದರೆ ಮಲ್ಲ, 'ಈಕೆಗೇ ಭಯವೆಂದ ಮೇಲೆ ಏನೋ ಇರಬೇಕು' ಎಂದು ನೆಲ ಕಚ್ಚುತ್ತಿದ್ದ. ಧೈರ್ಯ ಹೋಗಬೇಕಾದ ಹಗ್ಗದಲ್ಲಿ ಭಯ ಹೋಗುತ್ತಿತ್ತು. ಹಾಗಾಗಿ ಶಿಷ್ಯರು ಇಬ್ಬರಾದರು. ಒಂದು ಬಡಿತಕ್ಕೆ ಅವನಿಗೊಂದು ಉಂಡೆ, ನನಗೊಂದು ಚೂರು ಬೆಲ್ಲ. ಹಗ್ಗ ಸಡಿಲವಿರಲೆಂದು ಕಾನ್ವೆಂಟಿನ ಸಂಜೆ ಪ್ರಾರ್ಥನೆಯ ರಾಗವನ್ನು ಗುನುಗುತ್ತಿದ್ದೆ. ಬೇಲಿಯಾಚೆಯಿಂದ ಮಾದಪ್ಪ ಇಣುಕಿ, "ಏನ್ ಮೈಸೂರವ್ವ, ನಾಯಿಗ ಇಸ್ಕೂಲು ತಗ್ದೀಯಂತ. ನಮ್ಮನ ನಾಯಿನೂವ ಸೇರಿಸ್ಕತೀಯಾ?" ಎಂದ. ಅವನ ನಾಯಿ ಕೆಂಚ ಊರಿಗೇ ಗಂಡುಗಲಿ. ಎಲೆ ಅಲುಗಿದರೂ ಬೊಗಳುತ್ತ ನುಗ್ಗುತ್ತಿತ್ತು. ಅದಕ್ಕೆ ನನ್ನ ಶಾಲೆಯ ಅಗತ್ಯ ಕಾಣಲಿಲ್ಲ.

ಬೆಲ್ಲದ ಮಡಕೆ ತಗ್ಗುತ್ತ ಹೋದದ್ದು ಅತ್ತೆಯ ಕಣ್ಣಿಗೆ ಬಿತ್ತು.

"ನಾಯಿಗ ಇಟ್ಟು ಸಾಲ್ದು ಅಂತ ಬೆಲ್ಲನೂವ ತಿನ್ನುಸ್ತಿದ್ದೀಯಾ? ಇಂಥ ಬಾಯಿರುಚಿ ನಾಯಿ ಇಟ್ಕಂಡು ನಾನೇನ್ ಮಾಡ್ಲವ್ವ?"

ಮಲ್ಲ ನನ್ನನ್ನು ಬಿಟ್ಟುಕೊಡಲಿಲ್ಲ, ಅವನದು ದೊಡ್ಡ ಮನಸ್ಸು. ಧೈರ್ಯದ ಪಾಠ ಹೇಳುತ್ತಿದ್ದ ಗುರುವು ತನ್ನ ಕಳ್ಳತನವನ್ನು ಶಿಷ್ಯನ ಮೇಲೆ ಹಾಕಿ ಕಾಳು ಆರಿಸುತ್ತ ಕುಳಿತಳು. ಜೀರಹಳ್ಳಿ ಇನ್ನೊಂದು ಮಾರು ಹತ್ತಿರ ಬಂತು.

ಅಷ್ಟರಲ್ಲಿ ಡಬ್ಬದ ಪಾಠವೂ ಮುಗಿದು, ಮಲ್ಲ ಎಂಥ ಬಡಿತಕ್ಕೂ ಅಲುಗದೆ ಕೂರುವವನಾಗಿದ್ದ. ಪರೀಕ್ಷೆಯ ಸಂಜೆ ತಾನಾಗಿ ಬಂತು. ಅಂದು ಮಲ್ಲನನ್ನು ಕರೆದುಕೊಂಡು ನಾನೂ ಅತ್ತೆಯ ಜೊತೆ ಹೊಲಕ್ಕೆ ಹೋಗಿದ್ದೆ. ಹಂದಿಯ ಹಿಂಡು ಇಳಿದಿತ್ತು. ಡಬ್ಬಗಳು ಒಂದೊಂದಾಗಿ ಎದ್ದವು. ಮಲ್ಲ ಓಡಲಿಲ್ಲ, ನಡುಗಲಿಲ್ಲ. ಗಂಭೀರವಾಗಿ ಎದ್ದು, ಮೈ ಕೊಡವಿ, ಬದುವಿನ ಮೇಲೆ ನಡೆದುಹೋದ. ನಾನು ಹೆಮ್ಮೆಯಿಂದ ಅತ್ತೆಯತ್ತ ನೋಡಿದೆ. ಮಲ್ಲ ನೇರ ಮಾದಪ್ಪನ ಮುಂದೆ ಹೋಗಿ ಕುಳಿತು, ದೊಣ್ಣೆಯಿದ್ದ ಕೈಯನ್ನೇ ನೋಡಿದ. ಏನೂ ಬೀಳದಿದ್ದಾಗ ಎದ್ದು ಮುಂದಿನ ಹೊಲಕ್ಕೆ ಹೋದ. ಅಲ್ಲಿಯೂ ಕುಳಿತ. ಊರಿಗೆ ಊರೇ ತನ್ನನ್ನು ಊಟಕ್ಕೆ ಕರೆಯುತ್ತಿದೆ, ಯಾರೊಬ್ಬರೂ ಬಡಿಸುತ್ತಿಲ್ಲ. ಅವನ ಬೇಸರ ನನಗೆ ದೂರದಿಂದಲೇ ಅರ್ಥವಾಗುತ್ತಿತ್ತು.

"ಏ ಮೈಸೂರವ್ವ," ಮಾದಪ್ಪ ಕೂಗಿದ, "ನಿನ್ ನಾಯಿ ಉಣ್ಣಕ್ಕ ಬಂದದ ಕಣವ್ವೋ. ಎಲೆ ಹಾಕ್ಲಾ?"

ನಗುತ್ತ ನಗುತ್ತ ಒಬ್ಬೊಬ್ಬರೇ ಬಡಿಯುವುದನ್ನು ನಿಲ್ಲಿಸಿದರು. ಹಂದಿಗಳು ಆ ಬಿಡುವಿನಲ್ಲಿ ನಮ್ಮದೇ ಹೊಲದ ಮೂಲೆಯೊಂದನ್ನು ನೆಲಸಮ ಮಾಡಿ ಹೋದವು. ಗಂಟೆ ಬಾರಿಸಿದ ಆ ಶಾಸ್ತ್ರಜ್ಞರ ಊರಿನಲ್ಲಿ ಕಾಡುಹಂದಿ ಇರಲಿಲ್ಲವೆಂದು ಕಾಣುತ್ತದೆ. ಅತ್ತೆ ಮುರಿದ ರಾಗಿಯ ತೆನೆಗಳನ್ನು ಮಡಿಲಿಗೆ ಆರಿಸಿಕೊಂಡರು. ಮನೆಗೆ ಬಂದ ಮೇಲೆ ನಮ್ಮವರಿಗೆ, "ಸಂತೆ ದಿನ ಜೀರಳ್ಳಿಯವ್ರು ಬತ್ತರ, ಅಟ್ಟಿ ಕಳುಸ್ಬುಡು" ಎಂದರು. ಕುಯ್ಲಿನವರೆಗಿನ ವಾಯಿದೆಯೂ ಹೋಯಿತು.

ಸಂತೆಯ ಹಿಂದಿನ ಸಂಜೆ ನಾನು ಮತ್ತೆ ಹೊಲಕ್ಕೆ ಹೋದೆ. ಅತ್ತೆಗೆ ಜೊತೆಯಾಗಲೆಂದು ಹೇಳಿದೆ. ನಿಜವೆಂದರೆ ಮಲ್ಲನೊಡನೆ ಕಡೆಯ ಸಲ ಬದುವಿನ ಮೇಲೆ ಕೂರಲು. ಸೆರಗಿನ ಗಂಟಿನಲ್ಲಿ ಅವನ ಉಂಡೆಯೂ ನನ್ನ ಬೆಲ್ಲವೂ ಇದ್ದವು. ಇನ್ನೂ ಬೆಳಕಿತ್ತು. ಹಳ್ಳದ ಕಡೆಯ ಹೊಲದಲ್ಲಿ ಡಬ್ಬ ಸದ್ದಾಯಿತು. ಈ ಸಲದ ಬಡಿತ ಬೇರೆ ತರಹ, ಲಯವಿಲ್ಲದ್ದು. ಅತ್ತೆ ಎದ್ದು ತಮ್ಮ ಡಬ್ಬ ಬಡಿಯತೊಡಗಿದರು. ಆಗ ಕೆಂಚ ಬೊಗಳುತ್ತ ನುಗ್ಗಿದ್ದು ಕಂಡಿತು. ನುಗ್ಗಿದ ಕೆಂಚ ಅದಕ್ಕಿಂತ ಜೋರಾಗಿ ತಿರುಗಿ ಬಂದ, ನೇರ ಯಜಮಾನನ ಬಳಿಗೆ. ಹಿಂದೆಯೇ ರಾಗಿ ಎರಡು ಪಾಲಾಗಿ ಸೀಳುತ್ತ ಆನೆ ಬಂತು. ಮಾದಪ್ಪ ದೊಣ್ಣೆ ಎಸೆದು ಹುಣಸೆಮರ ಹತ್ತಿದ. ಕೆಂಚ ಊರ ಕಡೆ ಮಾಯವಾದ. ತಾನು ಅಟ್ಟಿಸಿಕೊಂಡು ಬಂದ ನಾಯಿ ಕಾಣದೆ ಆನೆ ನಮ್ಮ ಬದುವಿನಾಚೆ, ನಾಲ್ಕು ಎತ್ತಿನ ಜೋಡಿ ನಿಲ್ಲುವಷ್ಟು ದೂರದಲ್ಲಿ, ನಿಂತಿತು.

ಅತ್ತೆಯ ದೊಣ್ಣೆ ಗಾಳಿಯಲ್ಲೇ ಉಳಿಯಿತು. ಓಡಬೇಕೆಂದು ಅವರ ಮೈಯೆಲ್ಲ ಊರ ಕಡೆ ತಿರುಗಿ ಬಾಗಿದ್ದು ನನಗೆ ಕಂಡಿತು; ಇನ್ನೂ ಕುಂಟುತ್ತಿದ್ದ ಆ ಕಾಲಿನಲ್ಲಿ ಓಡಿ ಎಲ್ಲಿಗೆ ಹೋದಾರು? ಆದರೆ ಅವರ ಮುಂದೆ, ಅವರ ಪಾದಕ್ಕೆ ತಾಗಿ, ಮಲ್ಲ ಬಂದು ಕುಳಿತಿದ್ದ. ಡಬ್ಬ ಬಡಿದವರು ಅವರು, ಉಂಡೆ ಅವರ ಕೈಯಿಂದ ಬರಬೇಕು. ಅವರ ಬೆನ್ನ ಹಿಂದಿನ ಆನೆ ಅವನಿಗೆ ಸಂಬಂಧಪಡದ ವಿಷಯ. ಆ ಕಿರಿದಾದ ಬದುವಿನ ಮೇಲೆ ಅವನನ್ನು ದಾಟದೆ ಅತ್ತೆ ಒಂದು ಹೆಜ್ಜೆಯನ್ನೂ ಇಡುವಂತಿರಲಿಲ್ಲ. ಅವರು ನಿಂತರು. ನಾನೂ ನಿಂತೆ. ನನ್ನ ಕೈಯಲ್ಲಿದ್ದ ಮಲ್ಲನ ಹಗ್ಗ ಸಡಿಲವಾಗಿಯೇ ಇತ್ತು. ಎಷ್ಟು ಹೊತ್ತಿನಿಂದಲೋ ನಾನು ಆ ಪ್ರಾರ್ಥನೆಯ ರಾಗ ಗುನುಗುತ್ತಿದ್ದೆ. ಆನೆ ಒಂದು ಹಿಡಿ ರಾಗಿ ಕಿತ್ತು, ಬೇರಿನ ಮಣ್ಣನ್ನು ಮುಂಗಾಲಿಗೆ ಬಡಿದು ಕೊಡವಿ, ಅಚ್ಚುಕಟ್ಟಾಗಿ ಬಾಯಿಗಿಟ್ಟುಕೊಂಡಿತು. ನಮ್ಮನ್ನು ನೋಡಿತು. ಓಡದವರ, ಬೊಗಳದವರ ಜೊತೆ ಏನು ಮಾಡುವುದೆಂದು ತಿಳಿಯದೆಯೋ ಏನೋ, ಹಳ್ಳದ ಕಡೆ ತಿರುಗಿ ನಡೆದುಹೋಯಿತು.

"ಸಾಮಿ ಓಯ್ತು ಕಣವ್ವ, ಇಳೀಲಾ?" ಮರದ ಮೇಲಿನಿಂದ ಮಾದಪ್ಪ ಕೇಳಿದ.

"ಅಲ್ಲೇ ಇರು, ಎಲೆ ಹಾಕುಸ್ತೀನಿ," ಎಂದರು ಅತ್ತೆ.

ಹಾಗೆಂದವರೇ ಬದುವಿನ ಮೇಲೆ ಕುಸಿದು ಕುಳಿತರು. ದೊಣ್ಣೆ ಪಕ್ಕಕ್ಕೆ ಉರುಳಿತು. ಯೋಚನೆ ಮಾಡದೆ ಸೆರಗಿನ ಗಂಟು ಬಿಚ್ಚಿದೆ. ಉಂಡೆಯನ್ನು ಮಲ್ಲನಿಗೆ ಹಾಕಿದೆ. ಬೆಲ್ಲದ ಚೂರನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಭಯಕ್ಕೆ ಅದಕ್ಕಿಂತ ಒಳ್ಳೆಯ ಮದ್ದು ನನಗೆ ಗೊತ್ತಿರಲಿಲ್ಲ.

ಅತ್ತೆ ಬೆಲ್ಲವನ್ನು ನೋಡಿದರು. ನನ್ನ ಸೆರಗಿನ ತುದಿಯಲ್ಲಿ ಬೆಲ್ಲ ಕರಗಿ ಕರಗಿ ಗಟ್ಟಿಯಾಗಿದ್ದ ಕಲೆಯನ್ನು ನೋಡಿದರು. ಚೂರನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚೀಪಿದರು.

"ಬೆಲ್ಲ ತಿನ್ನ ನಾಯಿ ಯಾವ್ದು ಅಂತ ಈಗ ಗೊತ್ತಾಯ್ತು," ಎಂದರು. ದೊಣ್ಣೆಯನ್ನು ಎತ್ತಿಕೊಳ್ಳುತ್ತ, "ಇರ್ಲಿ ಬುಡು. ಎಲ್ಡೂ ಇಲ್ಲೇ ಇರ್ಲಿ."

ಮಲ್ಲ ಜೀರಹಳ್ಳಿಯನ್ನು ನೋಡಲೇ ಇಲ್ಲ. ಬೂದಿಗುಡ್ಡೆಯ ಮೇಲೆ ಬಿಸಿಲು ಕಾಯಿಸುತ್ತ ಮುದಿಯಾದ. ಊರಿನವರು ಕಾವಲಿಗೆ ಹೊರಟಾಗ ಮಡಿಲಲ್ಲಿ ಅವನಿಗೊಂದು ಉಂಡೆ ಇಟ್ಟುಕೊಳ್ಳುವುದು ರೂಢಿಯಾಯಿತು. ಮಾದಪ್ಪನದು ಎಲ್ಲರದಕ್ಕಿಂತ ದೊಡ್ಡದು. ನಾನು ಇಂದಿಗೂ ಜಿರಳೆಗೆ ಹೆದರುತ್ತೇನೆ. ಆದರೆ ಅಡುಗೆಮನೆಯಲ್ಲಿ ತಟ್ಟೆ ಜಾರಿ ಬಿದ್ದು ಮನೆಯವರೆಲ್ಲ ಬೆಚ್ಚಿದಾಗ ನಾನೊಬ್ಬಳೇ ಅಲುಗುವುದಿಲ್ಲ. ಎಲ್ಲರೂ ನನ್ನ ಸಮಚಿತ್ತವನ್ನು ಮೆಚ್ಚುತ್ತಾರೆ. ಮೆಚ್ಚಿಕೊಳ್ಳಲಿ. ಆ ಹೊತ್ತಿನಲ್ಲಿ ನನ್ನ ಬಾಯಲ್ಲಿ ನೀರೂರುತ್ತಿರುತ್ತದೆ, ಕಣ್ಣು ಬೆಲ್ಲದ ಡಬ್ಬಿಯನ್ನು ಹುಡುಕುತ್ತಿರುತ್ತದೆ. ಗಂಟೆ ಬಾರಿಸುವಾಗ ಆ ಶಾಸ್ತ್ರಜ್ಞರು ತಾವೇನು ತಿನ್ನುತ್ತಿದ್ದರೋ, ನಮ್ಮ ಪಾಠಪುಸ್ತಕದಲ್ಲಿ ಬರೆದಿರಲಿಲ್ಲ.