ಅಳಿಯನ ದೋಣಿಯಲ್ಲಿ ನನ್ನ ಜಾಯಿಂಟು

ಟೇಪು ಸುತ್ತಿದ ಯಾವ ವೈರ್ ಜಾಯಿಂಟನ್ನೂ ನಾನು ನಂಬುವವನಲ್ಲ, ನಾನೇ ಸುತ್ತಿದ್ದರ ಹೊರತು. ಶಹಾಬಾದಿನ ಕಲ್ಲು ಪಾಲಿಶ್ ಮಷಿನ್‌ಗಳಿಗೆ ವೈರಿಂಗ್ ಮಾಡುತ್ತಲೇ ತಲೆ ಹಣ್ಣಾಯಿತು. ಬೇರೆಯವರ ಕೆಲಸವನ್ನು ಜಗ್ಗಿ ನೋಡದೆ ಒಂದು ಸ್ವಿಚ್ಚನ್ನೂ ಒತ್ತಿದವನಲ್ಲ. "ನಿಮ್ಮಪ್ಪ ಚಾದಾಗ ಸಕ್ರಿ ಅದೋ ಇಲ್ಲೋ ಅಂತ ಕಪ್ಪಿಗೂ ಟೆಸ್ಟರ್ ಹಚ್ಚತಾನ" ಎಂದು ಹೆಂಡತಿ ಮಗಳ ಮುಂದೆ ಆಡಿಕೊಳ್ಳುತ್ತಾಳೆ. ಆಡಿಕೊಳ್ಳಲಿ ಬಿಡಿ.

ಹೋದ ವರ್ಷ ಅಳಿಯ ಚಂದ್ರಂಪಳ್ಳಿ ಡ್ಯಾಮಿನಲ್ಲಿ ಮೀನು ಹಿಡಿಯಲು ಹಳೆಯ ಫೈಬರ್ ದೋಣಿ ತಂದ. ತಳದಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಹೊರಹಾಕಲು ಬ್ಯಾಟರಿಯ ಪಂಪು ಕೂರಿಸಿದ್ದ. ಬಲೆ ಎಳೆಯಲು ಮಗಳೂ ಜೊತೆಗೆ ಹೋಗುತ್ತಾಳೆ. ಅಳಿಯನ ಮನೆಯವರು ಹಿಂದಿನಿಂದಲೂ ನೀರಿನ ಮಂದಿ. ನನ್ನ ಮಗಳಿಗೆ ಈಜು ಬರುವುದಿಲ್ಲ. ಪಂಪು ನಿಂತರೆ? ಆ ಪ್ರಶ್ನೆ ತಲೆಹೊಕ್ಕ ಮೇಲೆ ನನಗೆ ಅನ್ನ ಸೇರಲಿಲ್ಲ.

ಚೀಲ ಹಿಡಿದು ಚಿಂಚೋಳಿ ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅಳಿಯನ ಕೆಲಸ ಚೆಂದವಾಗಿತ್ತು. ಅದೇ ನನಗೆ ಸಂಶಯ. ವೈರಿನ ತುದಿಗಳನ್ನು ತಾಮ್ರದ ಸಣ್ಣ ನಳಿಗೆಯೊಳಗೆ ಸೇರಿಸಿ, ಇಕ್ಕಳದಿಂದ ಅದುಮಿ, ಬಿಸಿ ತಾಗಿದರೆ ಬಿಗಿಯುವ ಕರಿ ಕೊಳವೆ ತೊಡಿಸಿದ್ದ. ಜಗ್ಗಿದೆ, ಬರಲಿಲ್ಲ. ಇನ್ನೂ ಜೋರಾಗಿ ಜಗ್ಗಿದೆ. ಊಹೂಂ.

"ಒಳಗ ಏನದ ಅಂತ ಕಾಣೂದೇ ಇಲ್ಲಲ್ರೀ?"

"ಕಣ್ಣಿಗಿ ದಾರಿ ಇದ್ರ ನೀರಿಗೂ ದಾರಿ ಇರ್ತದ್ರೀ ಮಾವಾ. ದೋಣ್ಯಾಗ ಹಿಂಗೇ ಮಾಡಬೇಕಂತ, ಬ್ಯಾಟರಿ ಅಂಗಡ್ಯಾವ ಹೇಳ್ಯಾನ."

ಮಾರುವವನ ಮಾತು ಕೇಳಬೇಕೇ! ಪಂಪಿನ ಬುಡದ ಒಂದು ಜಾಯಿಂಟನ್ನು ಕತ್ತರಿಸಿ ಒಡೆದೆ. ಒಳಗೆ ತಾಮ್ರ ತಿಕ್ಕಿದ ಚೊಂಬಿನಂತೆ ಹೊಳೆಯುತ್ತಿತ್ತು. ತಪ್ಪು ಸಿಗಲಿಲ್ಲವೆಂದು ಸಿಟ್ಟೇ ಬಂತು. ನನ್ನ ಪದ್ಧತಿಯಂತೆ ಎರಡೂ ತುದಿ ಹೊಸೆದು, ಮೂರು ಸುತ್ತು ಟೇಪು ಹಾಕಿ, "ಜಾಯಿಂಟ್ ಅಂದ್ರ ಇದು ನೋಡ್ರಿ" ಎಂದೆ. ಅಳಿಯ ಸುಮ್ಮನೆ ತಲೆಯಾಡಿಸಿದ. ಅತಿ ವಿನಯಂ ಧೂರ್ತ ಲಕ್ಷಣಂ ಅನ್ನುತ್ತಾರಲ್ಲ, ಅವನ ಆ ವಿನಯದ ಮೇಲೂ ನನಗೆ ಗುಮಾನಿ.

ಮಳೆಗಾಲ ಕಳೆದ ಮೇಲೆ ಮಗಳ ಫೋನು ಬಂತು. ನಡುನೀರಿನಲ್ಲಿ ಪಂಪು ನಿಂತಿತ್ತಂತೆ. ಪಾದ ಮುಳುಗುವಷ್ಟು ನೀರು ಏರಿ, ಅವಳು ಡಬ್ಬಿಯಿಂದ ಮೊಗೆದು ಚೆಲ್ಲುತ್ತ, ಅವನು ಹುಟ್ಟು ಹಾಕುತ್ತ ಹೇಗೋ ದಡ ಸೇರಿದರಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಾ ಆವಾಗೇ ಹೇಳಿಲ್ಲೇನು!" ಎಂದು ಒದರಿದೆ.

ಮರುದಿನ ದೋಣಿಯೊಳಗೆ ಕೂತು ಅಳಿಯನ ಜಾಯಿಂಟುಗಳನ್ನೆಲ್ಲ ಜಗ್ಗಿದೆ. ಒಂದೂ ಅಲುಗಲಿಲ್ಲ. ನನ್ನದಕ್ಕೆ ಬೆರಳು ತಾಗಿದ್ದೇ ತಡ, ಕೈಗೇ ಬಂತು. ಟೇಪಿನೊಳಗೆ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗಿತ್ತು.

"ಇದು ಬಾಳಂಗಿಲ್ಲ ಅಂತ ಗೊತ್ತಿತ್ತೇನ್ರಿ ನಿಮಗ?" ಎಂದೆ. ಅಳಿಯ ಬಲೆಯ ಗಂಟು ಬಿಡಿಸುತ್ತ ಕುಳಿತ.

ಮಗಳು ಹೇಳಿದಳು: "ಬದಲಿ ಮಾಡ್ರಿ ಅಂತ ಇವ್ರಿಗಿ ನಾನೇ ಭಾಳ ಸಲ ಅಂದೀನಪ್ಪಾ. 'ಮಾವನೋರು ತಮ್ಮ ಕೈಲೆ ಮಾಡ್ಯಾರ, ನಾ ಹ್ಯಾಂಗ ಬಿಚ್ಚಲಿ' ಅಂದ್ರು. ಅದಕ್ಕೇ ದಿನಾ ಒಂದು ಡಬ್ಬಿ ಇಟ್ಕೊಂಡು ಹೋಗತಿದ್ದಿವಿ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಕ್ಕಳ ಅಳಿಯನ ಕೈಗೆ ಕೊಟ್ಟೆ. ಅವನು ಅದುಮಿ ಮುಗಿಸಿದ ಮೇಲೆ ನಾನು ಜಗ್ಗಿ ನೋಡಲಿಲ್ಲ.