ರೊಟ್ಟಿ ತಟ್ಟುವ ಕೈಗೆ ಸಿಗದ ಟೇಪು

ಜೋಗದ ವಿದ್ಯುದಾಗಾರದಲ್ಲಿ ಕೆಲಸಕ್ಕಿದ್ದ ಕೆರಿಯಪ್ಪನಿಗೆ ತನ್ನ ಕಿವಿಯ ಮೇಲೆ ನಂಬಿಕೆಯೇ ಇರಲಿಲ್ಲ. ಹುಡುಗನಾಗಿದ್ದಾಗ ಸಾಗರಕ್ಕೆ ಹಾರ್ಮೋನಿಯಂ ಕಲಿಯಲು ಹೋಗಿ, "ನಿಂಗೆ ಶ್ರುತಿಜ್ಞಾನನೇ ಇಲ್ಲ ಮಾರಾಯ" ಎಂದು ಸುಬ್ಬರಾಯ ಮೇಷ್ಟ್ರಿಂದ ಹೇಳಿಸಿಕೊಂಡು ಬಂದವನು. ಮೀಸೆ ನರೆಯತೊಡಗಿದರೂ ಆ ಮಾತು ಮಾತ್ರ ಚುಚ್ಚುತ್ತಲೇ ಇತ್ತು.

೧೯೮೪ರ ಬೇಸಿಗೆಯಲ್ಲಿ ಅವನ ಹೆಂಡತಿ ವಿಶಾಲಮ್ಮನ ತಮ್ಮ ಧರ್ಮಪ್ಪ ದುಬೈಯಿಂದ ರಜೆಗೆ ಬಂದ. ಜೊತೆಗೊಂದು ಎಲೆಕ್ಟ್ರಾನಿಕ್ ಕೀಬೋರ್ಡು. ಒಂದು ಗುಂಡಿ ಒತ್ತಿದರೆ ಪಿಟೀಲು, ಇನ್ನೊಂದಕ್ಕೆ ಕೊಳಲು.

"ನಿಮ್ಗೆ ನುಡಿಸಕ್ಕೆ ಬಂದ್ರೆ ಇಲ್ಲೇ ಬಿಟ್ಟು ಹೋಗ್ತೀನಿ ಭಾವ," ಅಂದ.

ಕೆರಿಯಪ್ಪನಿಗೆ ಹುಚ್ಚು ಹಿಡಿಯಿತು. ಹಾಡಿಲ್ಲದ, ಬರೀ ವಾದ್ಯದ, ತನ್ನದೇ ರಾಗಗಳ ಒಂದು ಕ್ಯಾಸೆಟ್ಟು ಮಾಡಬೇಕು. ಆಗದಿದ್ದರೆ ಕೀಬೋರ್ಡು ವಾಪಸು. ಇನ್ನು ಸಂಗೀತದ ಹೆಸರೆತ್ತುವುದಿಲ್ಲ.

ಕ್ವಾರ್ಟರ್ಸಿನಲ್ಲಿ ಅಡುಗೆಮನೆಯ ಪಕ್ಕದ ಕೋಣೆಯೇ ಸ್ಟುಡಿಯೋ ಆಯಿತು. ತನ್ನ ಟೇಪ್‌ರೆಕಾರ್ಡರಿನಲ್ಲಿ ಮೊದಲು ಪಿಟೀಲು ಹಿಡಿಯುವುದು. ಅದನ್ನು ಹಾಕಿಕೊಂಡು ಜೊತೆಗೆ ಕೊಳಲು ನುಡಿಸಿ, ಎರಡನ್ನೂ ನೆರೆಮನೆಯ ಗಣೇಶಮೂರ್ತಿಯ ಟೇಪ್‌ರೆಕಾರ್ಡರಿಗೆ ತುಂಬುವುದು. ಕರೆಂಟಿಗೆ ಹಾಕಿ ರೆಕಾರ್ಡು ಮಾಡಿದರೆ ಗುಂಯ್ ಎಂಬ ಸದ್ದೂ ಸೇರುತ್ತಿತ್ತು. ಹಾಗಾಗಿ ಪಿಟೀಲನ್ನು ಸೆಲ್ಲು ಹಾಕಿ ಹಿಡಿದ. ಸೆಲ್ಲುಗಳೇನು ಹೊಸವಲ್ಲ, ಟಾರ್ಚಿನಲ್ಲಿ ಸೋತವನ್ನು ಊರಿನವರೆಲ್ಲ ಮಾಡುವಂತೆ ಬಿಸಿಲಿಗಿಟ್ಟು ಕಾಯಿಸಿದ್ದ. ಅವು ಅಷ್ಟಕ್ಕೇ ಪ್ರಾಣ ಬಿಟ್ಟವು. ಮರುದಿನ ಟೇಪನ್ನು ಕರೆಂಟಿಗೇ ಹಾಕಿ ಕೊಳಲಿಗೆ ಕೂತ.

ಕೊಳಲು ಪಿಟೀಲಿಗೆ ಕೂಡಲೇ ಇಲ್ಲ. ಅದೇ ರಾಗ, ಕೀಬೋರ್ಡಿನ ಅದೇ ಮನೆಗಳು, ಅದೇ ಬೆರಳು. ಆದರೂ ಎರಡೂ ಒಂದಕ್ಕೊಂದು ಮುಖ ತಿರುಗಿಸಿ ಕೂತಿದ್ದವು. ತಪ್ಪು ಬೆರಳಿನದೋ, ಕೀಬೋರ್ಡಿನದೋ, ಮೇಷ್ಟ್ರು ಹೇಳಿದ ಕಿವಿಯದೋ? ಒಂದೂ ತಿಳಿಯದೆ ಕೆರಿಯಪ್ಪ ತಲೆ ಕೆರೆದುಕೊಂಡ. ಕೇಳಲು ಕರೆದರೆ ಗಣೇಶಮೂರ್ತಿ ಗಲ್ಲಕ್ಕೆ ಕೈಕೊಟ್ಟು ಕೂತು ಕೊನೆಗೆ, "ಚೆನ್ನಾಗೈತಿ. ಹಾಡೋರು ಯಾವಾಗ ಬರ್ತಾರೆ?" ಅಂದ. ಇದ್ದಬದ್ದ ಧೈರ್ಯವೂ ಇಳಿದುಹೋಯಿತು.

ಕೀಬೋರ್ಡನ್ನು ಪೆಟ್ಟಿಗೆಗೆ ಹಾಕುತ್ತ ಕೆರಿಯಪ್ಪ ಕೂಗಿದ: "ಧರ್ಮಂಗೆ ಕೊಟ್ಬಿಡೇ. ನಂಗೆ ಕಿವಿ ಇಲ್ಲ."

ವಿಶಾಲಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಕಿವಿಗೆ ಎಂತ ಆಗೈತಿ? ನಿಮ್ಮ ಟೇಪೇ ಜೋರಾಗಿ ಓಡ್ತದೆ. ನೀವು ನುಡಿಸುವಾಗ ರೊಟ್ಟಿ ತಟ್ಟಕ್ಕೆ ಸರಿ ಹೋಗ್ತಿತ್ತು. ಈಗ ಕೈಗೇ ಸಿಗ್ತಿಲ್ಲ."

ಕೆರಿಯಪ್ಪ ಹಣೆ ಚಚ್ಚಿಕೊಂಡ. ಸೋತ ಸೆಲ್ಲಿನಲ್ಲಿ ಟೇಪು ಕುಂಟುತ್ತ ರೆಕಾರ್ಡಾಗಿತ್ತು. ಕರೆಂಟಿಗೆ ಹಾಕಿದೊಡನೆ ವೇಗ ಹೆಚ್ಚಿ ಶ್ರುತಿಯೂ ಏರಿತ್ತು. ನಾಡಿಗೆಲ್ಲ ಕರೆಂಟು ಕಳಿಸುವ ಜಾಗದಲ್ಲಿ ದುಡಿಯುವವನಿಗೆ ಇದು ಹೊಳೆಯಲಿಲ್ಲವಲ್ಲ! ನಾಚಿಕೆಯಾಯಿತು. ಅದರ ಹಿಂದೆಯೇ ಇನ್ನೊಂದು ಗೊಂದಲ.

"ನನ್ನ ರಾಗಕ್ಕೆ ರೊಟ್ಟಿ ತಟ್ತಿದ್ಯಾ?"

"ದಿನಾ ಕೇಳಿ ಬಾಯಿಗೇ ಬಂದೈತಿ," ಎನ್ನುತ್ತ ಅವಳು ಒಳಗೆ ಹೋದಳು. ರೊಟ್ಟಿ ತಟ್ಟುವ ಸದ್ದಿನೊಂದಿಗೆ ಗುನುಗುವುದೂ ಕೇಳಿಸಿತು.

ಕೆರಿಯಪ್ಪ ಕೀಬೋರ್ಡಿನ ಒಂದು ಮನೆಯನ್ನು ಮೆಲ್ಲಗೆ ಒತ್ತಿ ಹಿಡಿದ. ವಿಶಾಲಮ್ಮನ ಶ್ರುತಿ ಸರಿಯಾಗಿತ್ತು. ಅದು ಸರಿಯಾಗಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.