ಗಂಗರತ್ನಳ ಹೆಣದ ಪಾತ್ರ

ಶ್ರೀರಾಂಪುರದ ಗಂಗರತ್ನ ಎಷ್ಟೋ ಧಾರಾವಾಹಿಗಳಲ್ಲಿ ಬಂದು ಹೋಗಿದ್ದಾಳೆ. ಆದರೆ ಅವಳನ್ನು ನೋಡಿದೆ ಎನ್ನುವವರು ಯಾರೂ ಸಿಕ್ಕುವುದಿಲ್ಲ. ಮದುವೆಮನೆಯಲ್ಲಿ ಅಕ್ಷತೆ ಹಾಕುವ ಹೆಂಗಸರ ಹಿಂದಿನ ಸಾಲಿನಲ್ಲಿ ಇರುವವಳು ಅವಳು. ನಾಯಕಿ ಅಳುತ್ತ ಓಡಿಹೋಗುವಾಗ ಸೊಪ್ಪಿನ ಕಟ್ಟು ಹಿಡಿದು ತಿರುಗಿ ನೋಡುವವಳೂ ಅವಳೇ. ಮಾಮೂಲ್‌ಪೇಟೆಯ ಅಂಗಡಿಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಶೂಟಿಂಗಿಗೆ ಜನ ಬೇಕೆಂದು ಏಜೆಂಟನ ಫೋನ್ ಬಂದರೆ ಆ ದಿನ ಅಂಗಡಿಗೆ ಜ್ವರದ ನೆಪ. ಟೀವಿಯಲ್ಲಿ ತನ್ನ ಮೊಣಕೈ ಕಂಡರೂ ಸಾಕು, ವಠಾರದವರನ್ನೆಲ್ಲ ಕೂಗಿ ಕರೆದು ಕಾಫಿ ಕೊಡುತ್ತಿದ್ದಳು.

ಅಂಥವಳು ಈ ಹೊಸ ಕ್ರೈಂ ಧಾರಾವಾಹಿಯ ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದಳು. ಸಂಪಿಗೆ ರಸ್ತೆಯ ತುಂಬ ಅದರದೇ ಪೋಸ್ಟರು. ಎದುರುಮನೆಯ ಶೈಲಜಮ್ಮ ಕೇಳಿದ್ದಕ್ಕೆ, "ಆಸ್ಪತ್ರೆ ಸೀನು ಕಣಕ್ಕಾ, ಸುಮ್ನೆ ಒಂಚೂರು" ಎಂದು ಮಾತು ತೇಲಿಸಿದಳು. ತಾಯಿ ಅಂಜಿನಮ್ಮನಿಗೆ ನರ್ಸಿನ ಪಾತ್ರ ಎಂದಳು. ಹಸೀ ಸುಳ್ಳು. ಅವಳದು ಹೆಣದ ಪಾತ್ರ.

ಹೆಣವಾಗಿ ಮಲಗುವುದು ಆ ಕಸುಬಿನಲ್ಲಿ ದೊಡ್ಡ ಸಂಗತಿಯೇನಲ್ಲ. ಶಾಟ್ ಮುಗಿದಮೇಲೆ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು, ನಿಂಬೆಹಣ್ಣು ನಿವಾಳಿಸಿಕೊಳ್ಳಬೇಕು, ಅಷ್ಟಾದರೆ ದೋಷ ಕಳೆಯಿತು. ಬೇರೆ ಯಾರ ಮನೆಯಲ್ಲಾದರೂ ಇದನ್ನು ಹೇಳಿಕೊಂಡು ನಗಬಹುದಿತ್ತು. ಅಂಜಿನಮ್ಮನ ಮನೆಯಲ್ಲಿ ಆಗುವುದಿಲ್ಲ. ಅವಳ ಹಿರಿಮಗಳು ಹೇಮರತ್ನ ಒಂದು ಬೆಳಿಗ್ಗೆ ಗಾರ್ಮೆಂಟ್ಸ್ ಕೆಲಸಕ್ಕೆಂದು ಹೋದವಳು ಮನೆಗೆ ತಿರುಗಿ ಬರಲಿಲ್ಲ. ಹತ್ತು ಹನ್ನೆರಡು ವರ್ಷವಾಗಿರಬೇಕು. ಯಾರ ಜೊತೆಗೋ ಓಡಿಹೋಗಿರ್ತಾಳೆ ಬಿಡಮ್ಮ ಎಂದು ಠಾಣೆಯಲ್ಲಿ ಕೈತೊಳೆದುಕೊಂಡರು. ಓಡಿಹೋದವಳು ಹೆತ್ತತಾಯಿಗೆ ಒಂದು ಫೋನಾದರೂ ಮಾಡುತ್ತಿದ್ದಳಲ್ಲ, ಆ ಪುಣ್ಯಾತ್ಮರಿಗೆ ಅದು ಹೊಳೆಯಲಿಲ್ಲ.

ಆಮೇಲೆ ಊರಿನಲ್ಲಿ ಎಲ್ಲಿ ಗುರುತಿಲ್ಲದ ಹೆಂಗಸಿನ ಹೆಣ ಸಿಕ್ಕಿದರೂ ಇವರಿಗೆ ಕರೆ ಬರುತ್ತಿತ್ತು. ತಾಯಿಯ ಕೈಲಿ ಆಗದೆಂದು ಗಂಗರತ್ನಳೇ ಹೋಗುತ್ತಿದ್ದಳು. ಶವಾಗಾರದವನು ಬಟ್ಟೆ ಸರಿಸುವನು, ಇವಳು ಇಣುಕಿ ನೋಡಿ ಅಲ್ಲ ಎನ್ನುವಳು, ಆಚೆ ಬಂದು ಗೋಡೆ ಹಿಡಿದು ವಾಂತಿ ಮಾಡಿಕೊಳ್ಳುವಳು. ಮನೆ ಮುಟ್ಟುವಾಗ ಹೊಸಿಲಲ್ಲೇ ತಾಯಿ ನಿಂತಿರುತ್ತಿದ್ದಳು. ಮಗಳು ತಲೆ ಅಲ್ಲಾಡಿಸಿದ ಮೇಲೆಯೇ ಅವಳು ಒಳಗೆ ಹೋಗುವುದು. ವರ್ಷಗಳು ಕಳೆದಂತೆ ಕರೆಗಳು ನಿಂತವು. ಅಂಜಿನಮ್ಮನ ಕಾಯುವಿಕೆ ನಿಲ್ಲಲಿಲ್ಲ. ನೆಂಟರೊಬ್ಬರು, ಇನ್ನೆಷ್ಟು ದಿನ ಅಂತ ಕಾಯ್ತೀಯ, ಒಂದು ಹಾಲುತುಪ್ಪ ಬಿಟ್ಟುಬಿಡು ಎಂದು ಮೆಲ್ಲಗೆ ಅಂದಿದ್ದಕ್ಕೆ, "ಬದುಕಿರೋ ಮಗಳಿಗೆ ಹಾಲುತುಪ್ಪ ಬಿಡು ಅಂತೀಯಾ? ನಿನ್ ಬಾಯಿಗಿಷ್ಟು ಮಣ್ಣು ಹಾಕ!" ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದ್ದಳು. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಇಂಥ ತಾಯಿಯ ಮುಂದೆ ಹೆಣವಾಗಿ ಕಾಣಿಸಿಕೊಳ್ಳುವುದಾದರೂ ಹೇಗೆ? ಗಂಗರತ್ನ ಏಜೆಂಟನಿಗೆ ಬೇಡ ಎನ್ನಬಹುದಿತ್ತು. ಆದರೆ ಆ ದೃಶ್ಯದಲ್ಲಿ ಅವಳ ಮುಖವನ್ನು ಹತ್ತಿರದಿಂದ ತೋರಿಸುತ್ತಾರಂತೆ. ಇಷ್ಟು ವರ್ಷ ಮೊಣಕೈಯಾಗಿದ್ದವಳು ಮುಖವಾಗುವ ಆಸೆಗೆ ಬಿದ್ದಳು. ಆಸೆಯೇ ಹಾಗೆ, ಮುಂದಿನದನ್ನು ಮುಚ್ಚಿಟ್ಟುಬಿಡುತ್ತದೆ.

ಚಾಮರಾಜಪೇಟೆಯ ಹಳೆಯ ಕಟ್ಟಡವೊಂದನ್ನು ಶವಾಗಾರ ಮಾಡಿದ್ದರು. ಮೇಕಪ್ಪಿನ ಹುಡುಗಿ ಇವಳ ಕುಂಕುಮ ಅಳಿಸಿ, ಜಡೆ ಬಿಚ್ಚಿ, ಮುಖಕ್ಕೆ ಬೂದಿಬಣ್ಣ ಬಳಿದಳು. ಸ್ಟೀಲಿನ ಮೇಜು ಕೊರೆಯುತ್ತಿತ್ತು. "ಉಸ್ರು ಬಿಗಿಹಿಡೀರಿ ಮೇಡಂ" ಎಂದರು ಡೈರೆಕ್ಟರು. ಸೆಟ್ಟಿನಲ್ಲಿ ಅವಳನ್ನು ಯಾರಾದರೂ ಮೇಡಂ ಎಂದದ್ದು ಅದೇ ಮೊದಲು, ಅದೂ ಸತ್ತ ಮೇಲೆ.

ಬಟ್ಟೆ ಸರಿಯಿತು. ತಂಗಿಯ ಪಾತ್ರದ ಹುಡುಗಿ ಬಿಕ್ಕುತ್ತ, "ಹೌದು ಸಾರ್, ನಮ್ಮಕ್ಕನೇ" ಎಂದಳು. ಯಾವ ಮಾತು ತನ್ನ ಬಾಯಿಂದ ಬಂದೀತೋ ಎಂದು ಗಂಗರತ್ನ ಪ್ರತಿಸಲವೂ ಹೆದರುತ್ತ ಶವಾಗಾರಕ್ಕೆ ಹೋಗುತ್ತಿದ್ದಳೋ ಅದೇ ಮಾತು, ಮುಚ್ಚಿದ ಕಣ್ಣಿನ ಮೇಲೆ ಬಂದು ಬಿತ್ತು. ಕಣ್ಣಂಚಿನಿಂದ ನೀರು ಇಳಿಯಿತು. "ಕಟ್ ಕಟ್! ಹೆಣ ಅಳ್ತಿದೆಯಲ್ರೀ!" ಎಂದರು ಡೈರೆಕ್ಟರು. ಎಲ್ಲರೂ ಗೊಳ್ಳೆಂದು ನಕ್ಕರು. ಮತ್ತೆ ತೆಗೆದರು, ಮತ್ತೆ ಅದೇ ಮಾತು. ಕೊನೆಗೊಮ್ಮೆ ಓಕೆ ಎಂದು ಎಲ್ಲರೂ ಊಟಕ್ಕೆ ಎದ್ದರು. ಇವಳು ಯಾರೂ ಇಲ್ಲದ ಕ್ಯಾಮೆರಾದ ಕಡೆ ನೋಡಿ ಹಲ್ಲು ಕಿರಿದು ಎದ್ದು ಬಂದಳು.

ಧಾರಾವಾಹಿ ಶುರುವಾದ ಭಾನುವಾರದ ಸಂಜೆ ಶೈಲಜಮ್ಮ, ಪಕ್ಕದ ಮನೆಯ ಮೋನಿಷಾ, ಇನ್ನಿಬ್ಬರು ಹೆಂಗಸರು ಚಾಪೆ ತುಂಬಿ ಕೂತರು. ಒಲೆಯ ಸಣ್ಣ ಉರಿಯ ಮೇಲೆ ರಾತ್ರಿಯೂಟಕ್ಕೆ ಕುಕ್ಕರಿನಲ್ಲಿ ಅಕ್ಕಿ ಇಟ್ಟಾಗಿತ್ತು. ತನ್ನ ದೃಶ್ಯ ಬರುವ ಹೊತ್ತಿಗೆ ಚಾನೆಲ್ ಬದಲಿಸಿಬಿಡಬೇಕೆಂದು ಗಂಗರತ್ನ ರಿಮೋಟನ್ನು ಸೆರಗಿನಡಿ ಅವಿತಿಟ್ಟುಕೊಂಡಿದ್ದಳು.

"ಇದ್ಯಾವ ಸ್ಟೇಷನ್ನೇ, ಮದ್ವೆ ಛತ್ರ ಇದ್ದಂಗಿದೆ!" ಎಂದರು ಶೈಲಜಮ್ಮ.

"ಆಂಟಿ, ಇನ್ಸ್‌ಪೆಕ್ಟರ್ ಶರ್ಟ್ ನೋಡಿ. ಕಾಂಪೌಂಡ್ ಹಾರಿ ಕಳ್ಳನ್ನ ಹಿಡ್ದ, ಇಸ್ತ್ರಿ ಮಾತ್ರ ಮುದುರಿಲ್ಲ" ಎಂದಳು ಮೋನಿಷಾ.

ಎಲ್ಲರೂ ನಕ್ಕರು, ಅಂಜಿನಮ್ಮನೂ ನಕ್ಕಳು. "ನಿನ್ ನರ್ಸು ಯಾವಾಗ್ ಬರ್ತಾಳೇ ಗಂಗು?" ಎಂದು ಕೇಳಿದಳು.

ಅಷ್ಟರಲ್ಲಿ ಪರದೆಯ ಮೇಲೆ ಬಟ್ಟೆ ಸರಿಯಿತು.

ಅಲ್ಲಿ ಮಲಗಿದ್ದವಳು ಹೇಮರತ್ನ. ಕುಂಕುಮ ಅಳಿಸಿ ಕೂದಲು ಬಿಚ್ಚಿದ್ದರು, ಅಷ್ಟಕ್ಕೇ ತಂಗಿಯ ಮುಖದೊಳಗಿಂದ ಅಕ್ಕನ ಮುಖ ಎದ್ದು ಬಂದುಬಿಟ್ಟಿತ್ತು. ಅದೇ ಅಗಲವಾದ ಹಣೆ, ಅದೇ ಸ್ವಲ್ಪ ಮುಂದೆ ಬಂದ ಮೇಲ್ದುಟಿ. ಇತ್ತೀಚೆಗೆ ಎಷ್ಟು ನೆನೆಸಿಕೊಂಡರೂ ಗಂಗರತ್ನಳ ಕಣ್ಣಿಗೆ ಕಟ್ಟದಿದ್ದ ಮುಖ ಅದು. ಚಾನೆಲ್ ಬದಲಿಸುವುದು ಅವಳಿಗೆ ಮರೆತೇಹೋಯಿತು. "ಹೌದು ಸಾರ್, ನಮ್ಮಕ್ಕನೇ" ಎಂದಳು ಟೀವಿಯ ಹುಡುಗಿ. ಕೂಡಲೇ ಸೋಪಿನ ಜಾಹೀರಾತು ಬಂತು.

ಅಂಜಿನಮ್ಮ ಎದ್ದು ಟೀವಿಯ ಹತ್ತಿರ ಹೋಗಿ ನಿಂತಳು. ಜಾಹೀರಾತಿನ ಮಗು ನೊರೆಯಲ್ಲಿ ಕುಣಿಯುತ್ತಿತ್ತು. ಆ ಗಾಜಿನ ಮೇಲೆ ಕೈಯಿಟ್ಟಳು.

ಗಂಗರತ್ನ ಹೋಗಿ ತಾಯಿಯ ಕೈ ಎಳೆದು ತನ್ನ ಕೆನ್ನೆಗೆ ಒತ್ತಿಕೊಂಡಳು. "ಅಮ್ಮ, ಅದು ನಾನು ಕಣಮ್ಮ. ನೀನು ಬೈತೀಯ ಅಂತ ಸುಳ್ಳು ಹೇಳ್ದೆ. ನೋಡು, ಇಲ್ಲೇ ಇದೀನಲ್ಲ. ನೋಡಮ್ಮ!"

"ನೀನೇ ಅಂತ ಗೊತ್ತು ಕಣೇ" ಎಂದಳು ಅಂಜಿನಮ್ಮ. ದನಿ ತಗ್ಗಿತ್ತು. "ಹೆತ್ತೋಳಿಗೆ ಗೊತ್ತಾಗಲ್ವಾ? ಇಷ್ಟ್ ವರ್ಷ ನಿಮ್ಮಕ್ಕನ್ ಮುಖ ನೋಡ್ದೆ ಹೆಂಗ್ ಅಳೋದು ಅಂತಾನೇ ತಿಳೀಲಿಲ್ಲ ನಂಗೆ. ಈಗ ನೋಡಿದೀನಿ. ಒಂದ್ಸಲ ಅತ್ಬಿಡ್ತೀನಿ, ಸುಮ್ನಿರು."

ಆಮೇಲೆ ಅತ್ತಳು. ಸಾವಿನ ಮನೆಯಲ್ಲಿ ಅಳುವ ಹಾಗೆ, ಎದೆ ಬಡಿದುಕೊಂಡು, ಹೆಸರು ಹಿಡಿದು ಕೂಗಿ ಅತ್ತಳು. "ನನ್ ಹೇಮಾ, ಯಾವ ಬೀದೀಲಿ ಬಿದ್ಯೇ ನನ್ ಕಂದಾ, ಒಬ್ಳೇ ಹೋದ್ಯಲ್ಲೇ!" ಮೋನಿಷಾ ಹೆದರಿ ಟೀವಿ ಆರಿಸಿದಳು. ಶೈಲಜಮ್ಮ ಮುದುಕಿಯ ಬೆನ್ನು ಸವರುತ್ತ ತಾವೂ ಅತ್ತರು. ಗಂಗರತ್ನ ಮಾತ್ರ ಗೋಡೆಗೊರಗಿ ನಿಂತಿದ್ದಳು. ತನ್ನ ಮುಖಕ್ಕೇ ಶೋಕ ನಡೆಯುತ್ತಿದೆ, ಅದನ್ನು ತಾನೇ ನಿಂತು ಕೇಳುತ್ತಿದ್ದೇನೆ ಎನ್ನಿಸಿ ಅವಳಿಗೆ ಭಯವಾಯಿತು. ತನ್ನೊಳಗೆ ಉಸಿರಾಡುತ್ತಿರುವವಳು ಯಾರೆಂಬುದೇ ಒಂದು ಗಳಿಗೆ ತಿಳಿಯಲಿಲ್ಲ. ಶವಾಗಾರಗಳಲ್ಲಿ ಅಲ್ಲ ಅಲ್ಲ ಎಂದು ಹೇಳಿ ಹೇಳಿ ಅಕ್ಕನನ್ನು ತಾನು ಬದುಕಿಸಿಟ್ಟೆನೋ, ತಾಯಿಯನ್ನು ಹೊಸಿಲಿಗೆ ಕಟ್ಟಿಹಾಕಿದೆನೋ ಎಂದು ತನ್ನನ್ನೇ ಕೇಳಿಕೊಂಡಳು.

ಅಂಜಿನಮ್ಮ ಅತ್ತು ಸಾಕಾಗಿ ಎದ್ದಳು. ಬಚ್ಚಲಿಗೆ ಹೋಗಿ ಉಟ್ಟ ಸೀರೆಯಲ್ಲೇ ತಲೆಗೆ ತಣ್ಣೀರು ಸುರಿದುಕೊಂಡು ಬಂದಳು. ತೊಟ್ಟಿಕ್ಕುತ್ತ ಬಾಗಿಲಲ್ಲಿ ನಿಂತು, "ಗಂಗು, ಇವತ್ತು ಒಲೆ ಉರೀಬಾರ್ದು" ಎಂದಳು.

ಸಾವಾದ ಮನೆಯಲ್ಲಿ ಆ ದಿನ ಒಲೆ ಉರಿಯುವುದಿಲ್ಲ, ನೆರೆಯವರು ಊಟ ತಂದು ಬಡಿಸುತ್ತಾರೆ. ಶೈಲಜಮ್ಮ ಎದ್ದು, ಸಾರು ಬಿಸಿ ಮಾಡಲು ತಮ್ಮ ಮನೆಗೆ ನಡೆದರು. ಗಂಗರತ್ನ ಅಡುಗೆಮನೆಗೆ ಹೋಗಿ, ಇನ್ನೇನು ಕೂಗಲಿದ್ದ ಕುಕ್ಕರನ್ನು ಕೆಳಗಿಳಿಸಿ, ಗ್ಯಾಸ್ ಆರಿಸಿದಳು.